ಯುಟಿಲಿಟಿ ಅಂದರೆ ಯಾವ ಯುಟಿಲಿಟಿ? ಒಂದು ಪದದ ಅರ್ಥ ಹಿಡಿಯುವ ದಾರಿ

ನಮ್ಮ ಎದುರುಮನೆ ಆಂಟಿ ವಿಳಾಸ ಬದಲಿಸಲು ಬ್ಯಾಂಕಿಗೆ ಹೋಗಿದ್ದರು. "ಯುಟಿಲಿಟಿ ಬಿಲ್ ತನ್ನಿ ಅಮ್ಮಾ" ಅಂದರಂತೆ ಕೌಂಟರಿನವರು. ಆಂಟಿ ಮನೆಗೆ ಬಂದು, ಬೀರು ತೆಗೆದು, ಫೈಲುಗಳನ್ನೆಲ್ಲ ಹಾಸಿಗೆ ಮೇಲೆ ಹರವಿ, ವಾಷಿಂಗ್ ಮೆಷಿನ್ ಕೊಂಡಾಗ ಕೊಟ್ಟ ಬಿಲ್ಲು ಹುಡುಕಿದರು. ಅದನ್ನು ಹಿಡಿದು ಮತ್ತೆ ಬ್ಯಾಂಕಿಗೆ ಹೋದರು.

ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಯುಟಿಲಿಟಿ ಅಂದರೆ ಅಡುಗೆಮನೆಗೆ ಅಂಟಿಕೊಂಡ ಆ ಪುಟ್ಟ ಜಾಗ. ಪಾತ್ರೆ ತೊಳೆಯುವ ಸಿಂಕ್, ಖಾಲಿ ಸಿಲಿಂಡರ್, ಬಕೆಟ್ಟು, ನೆಲ ಒರೆಸುವ ಕೋಲು, ಮೇಲೆ ಬಟ್ಟೆ ಒಣಗಿಸುವ ಹಗ್ಗ. ಅಲ್ಲಿ ಬಿಲ್ಲು ಇರುವಂಥ ವಸ್ತು ಒಂದೇ, ವಾಷಿಂಗ್ ಮೆಷಿನ್. ಎರಡು ಸಲ ಆಟೊ, ಅರ್ಧ ದಿನ ಓಡಾಟ, ಮೇಲೆ ಎಲ್ಲರೆದುರು ಆದ ಮುಜುಗರ. ಸಂಜೆ ಬಂದು ಕೇಳಿದರು: "ನೀನು ದಿನಾ ಇಂಗ್ಲಿಷ್ ಕಾಗದಗಳನ್ನ ಕನ್ನಡ ಮಾಡ್ತೀಯಲ್ಲಪ್ಪ, ಈ ಪದಕ್ಕೆ ಸರಿಯಾದ ಅರ್ಥ ಏನು ಹೇಳು."

ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಯಾಕೆಂದರೆ ಆ ಪದಕ್ಕೆ ಒಂದೇ ಅರ್ಥ ಇಲ್ಲ. ಆದರೆ ಯಾವ ಜಾಗದಲ್ಲಿ ಯಾವ ಅರ್ಥ ಅಂತ ಹಿಡಿಯಲು ಒಂದು ದಾರಿ ಇದೆ. ನಾನು ಕೆಲಸದಲ್ಲಿ ಬಳಸುವ ದಾರಿ ಅದೇ. ಬೇರೆ ಇಂಗ್ಲಿಷ್ ಪದಗಳಿಗೂ ಅದು ನಡೆಯುತ್ತದೆ.

ಮೊದಲ ಹೆಜ್ಜೆ: ಪಕ್ಕದ ಪದ ನೋಡಿ

ಡಿಕ್ಷನರಿ ಆಮೇಲೆ ತೆಗೆಯಿರಿ. ಮೊದಲು ಆ ಪದದ ಜೊತೆಗೆ ಯಾವ ಪದ ಕೂತಿದೆ ನೋಡಿ. ಯುಟಿಲಿಟಿ ಒಂಟಿಯಾಗಿ ಸಿಗುವುದು ಕಡಿಮೆ. ಬಿಲ್, ಏರಿಯಾ, ಸರ್ವಿಸ್, ವೆಹಿಕಲ್, ಪ್ಲೇಯರ್, ಸಾಫ್ಟ್‌ವೇರ್, ಪೇಟೆಂಟ್ ಹೀಗೆ ಒಂದು ಜೊತೆ ಇದ್ದೇ ಇರುತ್ತದೆ. ಅರ್ಧ ಅರ್ಥ ಆ ಜೊತೆಗಾರನ ಹತ್ತಿರವೇ ಇರುತ್ತದೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಬಳಸುವವರು ಯಾರು, ಒದಗಿಸುವವರು ಯಾರು? ಯುಟಿಲಿಟಿ ಏರಿಯಾದಲ್ಲಿ ಬಳಸುವವರು ಮನೆಯವರು, ಹೊರಗಿನವರು ಯಾರೂ ಇಲ್ಲ. ಯುಟಿಲಿಟಿ ಬಿಲ್ಲಿನಲ್ಲಿ ಒದಗಿಸುವ ಒಂದು ಸಂಸ್ಥೆ ಇದೆ, ತಿಂಗಳು ತಿಂಗಳು ಕಟ್ಟುವ ನೀವಿದ್ದೀರಿ. ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ವಾಷಿಂಗ್ ಮೆಷಿನ್ ಬಿಲ್ಲು ಬೀರುವಿನಲ್ಲೇ ಉಳಿಯುತ್ತಿತ್ತು.

ಎರಡನೇ ಹೆಜ್ಜೆ: ಬೇರು ಹಿಡಿಯಿರಿ

ಈಗ ಡಿಕ್ಷನರಿ ತೆಗೆಯಿರಿ. ಪದದ ಇತಿಹಾಸ ಕೊಡುವಂಥದ್ದು ಬೇಕು. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಒಂದೊಂದು ಅರ್ಥವೂ ಮೊದಲು ಎಲ್ಲಿ, ಯಾವ ವರ್ಷ ಬಳಕೆಯಾಯಿತು ಅಂತ ಇರುತ್ತದೆ. ಅರ್ಥದ ಪಕ್ಕದ ಆ ವರ್ಷಗಳನ್ನು ಬಿಡದೆ ಓದಿ.

ಯುಟಿಲಿಟಿಯ ಬೇರು ಲ್ಯಾಟಿನ್. ಅಲ್ಲಿ 'ಊತಿ' ಅಂದರೆ ಬಳಸುವುದು. ಅದರಿಂದ 'ಊತಿಲಿಸ್', ಬಳಕೆಗೆ ಬರುವಂಥದ್ದು. ಅದರಿಂದ 'ಊತಿಲಿತಾಸ್', ಬಳಕೆಗೆ ಬರುವ ಗುಣ. ಫ್ರೆಂಚ್ ದಾಟಿ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಅಷ್ಟೇ ಆಗಿದ್ದರೆ ಇದು ಒಣ ವಿಷಯ. ಆದರೆ ಬೇರು ಹಿಡಿದ ಮೇಲೆ ನೆಂಟರು ಕಾಣಿಸಿಕೊಳ್ಳುತ್ತಾರೆ. ನಾವು ದಿನಾ ಆಡುವ ಯೂಸ್ ಅದೇ ಮನೆಯದು. ಯೂಶುವಲ್, ಅಂದರೆ ಬಳಸಿ ಬಳಸಿ ರೂಢಿಯಾದದ್ದು. ಅಬ್ಯೂಸ್, ಅಂದರೆ ಕೆಟ್ಟದಾಗಿ ಬಳಸಿದ್ದು. ಅಡುಗೆ ಪಾತ್ರೆಗಳಿಗೆ ಹೇಳುವ ಯುಟೆನ್ಸಿಲ್ ಕೂಡ ಅಲ್ಲಿಂದಲೇ ಬಂದದ್ದು. ನೀವು ಯುಟಿಲಿಟಿಯಲ್ಲಿ ನಿಂತು ಯುಟೆನ್ಸಿಲ್ ತೊಳೆಯುವಾಗ ಒಂದೇ ತಾಯಿಯ ಎರಡು ಮಕ್ಕಳು ಎದುರುಬದುರು ನಿಂತಿರುತ್ತಾರೆ.

ನನಗೆ ತುಂಬ ಇಷ್ಟವಾದ ನೆಂಟ ಇನ್ನೊಂದಿದೆ. ರೋಮನ್ ಕಾನೂನಿನಲ್ಲಿ 'ಊಸುಸ್‌ಫ್ರುಕ್ಟುಸ್' ಅಂತ ಒಂದು ಹಕ್ಕು ಇತ್ತು. ಆಸ್ತಿ ಬೇರೆಯವರದು, ಅದನ್ನು ಬಳಸುವುದು ಮತ್ತು ಅದರ ಫಲ ಉಣ್ಣುವುದು ನನ್ನದು. ಇದನ್ನು ಓದಿದ ಕೂಡಲೇ ನಮ್ಮ ಕಡೆಯವರಿಗೆ ಒಂದು ಪದ ನೆನಪಾಗಬೇಕು: ಭೋಗ್ಯ. ದೊಡ್ಡ ಮೊತ್ತ ಒಂದೇ ಸಲ ಕೊಟ್ಟು, ಬಾಡಿಗೆ ಇಲ್ಲದೆ ಮನೆಯಲ್ಲಿ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುತ್ತೇವಲ್ಲ, ಅದು. ಭೋಗ್ಯದ ಬೇರು ಸಂಸ್ಕೃತದ 'ಭುಜ್'. ಉಣ್ಣು, ಅನುಭವಿಸು ಅಂತ ಅರ್ಥ. ರೋಮಿನವರೂ ನಮ್ಮವರೂ ಬೇರೆ ಬೇರೆಯಾಗಿ ಯೋಚಿಸಿ, ಬಳಕೆಯ ಹಕ್ಕನ್ನು ಊಟದ ಮಾತಿನಲ್ಲೇ ಹೇಳಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ಹೋಲುವ ಪದಗಳೆಲ್ಲ ನೆಂಟರಲ್ಲ. ಫ್ಯೂಟೈಲ್ ಅಂದರೆ ವ್ಯರ್ಥ. ಅದರೊಳಗೆ 'ಯುಟೈಲ್' ಕಾಣುತ್ತದೆ, ಅರ್ಥವೂ ತದ್ವಿರುದ್ಧ. ಹಾಗಾಗಿ ಒಂದೇ ಬೇರು ಅಂತ ಅನಿಸಿಬಿಡುತ್ತದೆ. ಆದರೆ ಅದು ಲ್ಯಾಟಿನ್ನಿನ ಬೇರೊಂದು ಪದದಿಂದ ಬಂದದ್ದು. ಅದರ ಮೂಲ ಅರ್ಥ ಸೋರುವ ಪಾತ್ರೆಯಂಥದ್ದು, ಸುರಿದುಹೋಗುವಂಥದ್ದು. ವರ್ಷ ಮತ್ತು ಮೂಲ ನೋಡದೆ ನೆಂಟಸ್ತನ ಕಟ್ಟಬೇಡಿ.

ಮೂರನೇ ಹೆಜ್ಜೆ: ಅರ್ಥ ತಿರುಗಿದ ಜಾಗಕ್ಕೆ ಹೋಗಿ

ಪದ ಹುಟ್ಟಿದ ಮನೆ ಒಂದು, ಅದು ಬೆಳೆದ ಊರುಗಳು ಹಲವು. ಯುಟಿಲಿಟಿಯ ಅರ್ಥ ನಾಲ್ಕೈದು ಕಡೆ ಜೋರಾಗಿ ತಿರುಗಿದೆ.

ಮೊದಲ ತಿರುವು ತತ್ವಶಾಸ್ತ್ರದಲ್ಲಿ. ಜೆರೆಮಿ ಬೆಂಥಮ್ ಅನ್ನುವ ಇಂಗ್ಲೆಂಡಿನ ಚಿಂತಕ 1789ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಯುಟಿಲಿಟಿಯನ್ನು ಸುಖದ ಜೊತೆ ಕಟ್ಟಿಹಾಕಿದ. ಒಳಿತು, ಲಾಭ, ಸುಖ ತರುವ ಅಥವಾ ನೋವು ತಪ್ಪಿಸುವ ಗುಣವೇ ಯುಟಿಲಿಟಿ ಅಂದ. ಸಾಮಾನ್ಯ ಇಂಗ್ಲಿಷಿನಲ್ಲಿ ಆ ಪದ ಕೇಳಿದರೆ ಪೊರಕೆ, ಚಾಕು ನೆನಪಾಗುತ್ತಿತ್ತು, ಸಂತೋಷ ನೆನಪಾಗುತ್ತಿರಲಿಲ್ಲ. ಹಾಗಾಗಿ ಓದಿದವರು ತಪ್ಪು ತಿಳಿದರು. ಮುಂದೆ ಜಾನ್ ಸ್ಟುವರ್ಟ್ ಮಿಲ್ ಅನ್ನುವ ಇನ್ನೊಬ್ಬ ಚಿಂತಕ 1861ರಲ್ಲಿ ಇದೇ ಮಾತು ಎತ್ತಿ, ಯುಟಿಲಿಟಿ ಅಂದರೆ ಸುಖಕ್ಕೆ ವಿರುದ್ಧ ಅಂದುಕೊಂಡವರನ್ನು ತಿದ್ದಬೇಕಾಯಿತು. ಬೆಂಥಮ್‌ಗೂ ಕೊನೆಕೊನೆಗೆ ಆ ಪದದ ಬಗ್ಗೆ ಸಮಾಧಾನ ಇರಲಿಲ್ಲ. ಸುಖ–ದುಃಖವನ್ನು ಅದು ನೇರವಾಗಿ ಸೂಚಿಸುವುದಿಲ್ಲ ಅಂತ 1822ರಲ್ಲಿ ತಾನೇ ಬರೆದ. ಒಂದು ಪದವನ್ನು ಜಗತ್ತಿಗೆಲ್ಲ ಹರಡಿದವನಿಗೇ ಅದು ಸಾಲದಾಯಿತು ಅನ್ನುವುದು ಅನುವಾದ ಮಾಡುವವರಿಗೆ ದೊಡ್ಡ ಧೈರ್ಯ ಕೊಡುತ್ತದೆ. ಅಂದಹಾಗೆ ತಾನು ಸತ್ತ ಮೇಲೂ ಪ್ರಯೋಜನಕ್ಕೆ ಬರಬೇಕು ಅಂತ ಆತ ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ಬಿಟ್ಟುಕೊಟ್ಟಿದ್ದ. ಬಟ್ಟೆ ತೊಡಿಸಿದ ಅವನ ಅಸ್ಥಿಪಂಜರ ಇವತ್ತಿಗೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ.

ಎರಡನೇ ತಿರುವು ಅರ್ಥಶಾಸ್ತ್ರದ್ದು. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ 'ತುಷ್ಟಿಗುಣ' ಅನ್ನುವ ಪದ ಗೊತ್ತಿರುತ್ತದೆ. ಅದು ಯುಟಿಲಿಟಿಯೇ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮದುವೆ ಊಟಕ್ಕೆ ಕೂತಿದ್ದೀರಿ. ಬಾಳೆಲೆ ಮೇಲೆ ಬಿಸಿ ಹೋಳಿಗೆ ಬೀಳುತ್ತದೆ, ಮೇಲೆ ತುಪ್ಪ. ಮೊದಲನೆಯದು ಹೋದದ್ದೇ ಗೊತ್ತಾಗುವುದಿಲ್ಲ. ಎರಡನೆಯದನ್ನು ನಿಧಾನವಾಗಿ ಮುರಿದು ತಿನ್ನುತ್ತೀರಿ. ಮೂರನೆಯದಕ್ಕೆ ಬಡಿಸುವವರು "ಒಂದೇ ಒಂದು" ಅಂತ ಬಂದಾಗ ನೀವು ಎಲೆಗೆ ಅಡ್ಡಲಾಗಿ ಕೈ ಹಿಡಿಯುತ್ತೀರಿ. ಹೋಳಿಗೆ ಅದೇ, ಹೂರಣ ಅದೇ, ತುಪ್ಪವೂ ಅದೇ. ಕಡಿಮೆಯಾದದ್ದು ಇನ್ನೊಂದು ಹೋಳಿಗೆಯಿಂದ ನಿಮಗೆ ಸಿಗುವ ತೃಪ್ತಿ. ಪಠ್ಯಪುಸ್ತಕದ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಹೇಳುವುದು ಇದನ್ನೇ. ಎಲೆಗೆ ಕೈ ಅಡ್ಡ ಬಂದ ಆ ಗಳಿಗೆಯೇ ಸೀಮಾಂತ ತುಷ್ಟಿಗುಣ ಸೊನ್ನೆಯಾದ ಗಳಿಗೆ.

ಇಂಗ್ಲೆಂಡಿನ ಜೆವನ್ಸ್ ಮತ್ತು ವಿಯೆನ್ನಾದ ಮೆಂಗರ್ ಅನ್ನುವ ಅರ್ಥಶಾಸ್ತ್ರಜ್ಞರು, ಇಬ್ಬರೂ 1871ರಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಈ ವಿಚಾರದ ಮೇಲೆ ಪುಸ್ತಕ ತಂದರು. ಹಳೆಯ ಒಂದು ಒಗಟು ಇದರಿಂದ ಬಿಡಿಸಿಕೊಂಡಿತು. ನೀರಿಲ್ಲದೆ ಬದುಕಿಲ್ಲ, ಆದರೂ ನೀರು ಅಗ್ಗ. ವಜ್ರ ಇಲ್ಲದಿದ್ದರೂ ಬದುಕಬಹುದು, ಆದರೂ ದುಬಾರಿ. ಯಾಕೆ? ನೀರು ಧಾರಾಳವಾಗಿರುವಾಗ ಇನ್ನೊಂದು ಕೊಡ ಸಿಕ್ಕರೂ ಸಿಗದಿದ್ದರೂ ಅಂಥ ವ್ಯತ್ಯಾಸ ಆಗುವುದಿಲ್ಲ. ಬೆಲೆ ಆ ಕೊನೆಯ ಕೊಡದ ಮೇಲೆ ನಿಂತಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರ್ ನೀರಿನ ಬೆಲೆ ಏರಿ, ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಅವತ್ತು ಒಂದೊಂದು ಕೊಡವೂ ಮೊದಲನೇ ಹೋಳಿಗೆಯಂತಾಗಿತ್ತು.

ಅದಕ್ಕೇ 'ತುಷ್ಟಿಗುಣ' ಅನ್ನುವ ಪದ ಕಟ್ಟಿದವರಿಗೆ ನಾನು ಮನಸಾರೆ ನಮಸ್ಕಾರ ಹೇಳುತ್ತೇನೆ. ಅರ್ಥಶಾಸ್ತ್ರದಲ್ಲಿ ಸಿಗರೇಟಿಗೂ ಯುಟಿಲಿಟಿ ಇದೆ, ಸೇದುವವನಿಗೆ ತೃಪ್ತಿ ಸಿಗುತ್ತದಲ್ಲ. ಅಲ್ಲಿ 'ಉಪಯುಕ್ತತೆ' ಅಂತ ಬರೆದರೆ ಸಿಗರೇಟು ಉಪಯುಕ್ತ ಅಂದ ಹಾಗಾಗುತ್ತದೆ. ಇಂಗ್ಲಿಷ್ ಪದಕ್ಕಿಂತ ಕನ್ನಡ ಪದವೇ ಇಲ್ಲಿ ಸರಿಯಾಗಿ ಕೂತಿದೆ.

ಮೂರನೆಯದು ಯುದ್ಧ ಕಾಲದ ಬ್ರಿಟನ್. 1941ರಲ್ಲಿ ಅಲ್ಲಿ ಬಟ್ಟೆಗೂ ರೇಷನ್ ಬಂತು. ಸರ್ಕಾರ 'ಯುಟಿಲಿಟಿ' ಅನ್ನುವ ಹೆಸರಿನಲ್ಲೇ ಬಟ್ಟೆ ಹೊಲಿಸಿತು. ಜೇಬು, ಗುಂಡಿ, ಮಡಿಕೆ ಎಲ್ಲಕ್ಕೂ ಮಿತಿ. ಆಮೇಲೆ ಮೇಜು, ಕುರ್ಚಿ, ಮಂಚಗಳೂ ಬಂದವು. ಗಟ್ಟಿ, ಸರಳ, ಅಲಂಕಾರ ಇಲ್ಲ. 1952ರ ತನಕ ಆ ಯೋಜನೆ ನಡೆಯಿತು. ಯುಟಿಲಿಟಿ ಅಂದರೆ ಚಂದಕ್ಕಲ್ಲ, ಕೆಲಸಕ್ಕೆ ಅನ್ನುವ ಛಾಯೆ ಅಲ್ಲಿ ಗಟ್ಟಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಯುಟಿಲಿಟಿಗೂ ಇದೇ ಛಾಯೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿದವರೂ ಯುಟಿಲಿಟಿಗೆ ಗ್ರಿಲ್ ಹಾಕಿಸಿ ಬಿಡುತ್ತಾರೆ.

ವಾಹನದ ಅರ್ಥ ಆಸ್ಟ್ರೇಲಿಯಾದಲ್ಲಿ ಬೆಳೆದ ಕಥೆ ಚೆನ್ನಾಗಿದೆ. 1930ರ ದಶಕದ ಮೊದಲಲ್ಲಿ ವಿಕ್ಟೋರಿಯಾ ಪ್ರಾಂತ್ಯದ ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಕಾಗದ ಬರೆದಳಂತೆ. ಭಾನುವಾರ ಚರ್ಚಿಗೆ ನೆನೆಯದೆ ಹೋಗಬೇಕು, ಸೋಮವಾರ ಅದರಲ್ಲೇ ಹಂದಿಗಳನ್ನು ಸಂತೆಗೆ ಒಯ್ಯಬೇಕು, ಅಂಥ ಗಾಡಿ ಮಾಡಿಕೊಡಿ ಅಂತ. ಲೂ ಬ್ಯಾಂಡ್ಟ್ ಅನ್ನುವ ಯುವ ಡಿಸೈನರ್ ಮುಂದೆ ಕಾರು, ಹಿಂದೆ ಲಗೇಜು ತೊಟ್ಟಿ ಇರುವ ಗಾಡಿ ರೂಪಿಸಿದ. 1934ರಲ್ಲಿ 'ಕೂಪೆ ಯುಟಿಲಿಟಿ' ಹೆಸರಿನಲ್ಲಿ ಅದು ರಸ್ತೆಗೆ ಬಂತು. ಆಸ್ಟ್ರೇಲಿಯಾದವರು ಇವತ್ತಿಗೂ ಅಂಥ ಗಾಡಿಯನ್ನು ಪ್ರೀತಿಯಿಂದ 'ಯೂಟ್' ಅನ್ನುತ್ತಾರೆ. ನಮ್ಮ ರಸ್ತೆಯ ಎಸ್‌ಯುವಿಯಲ್ಲಿರುವ 'ಯು' ಕೂಡ ಯುಟಿಲಿಟಿಯೇ. ಅದರಲ್ಲಿ ಈಗ ಮೂಟೆ ಹಾಕುವವರು ಕಡಿಮೆ, ಆ ಮಾತು ಬೇರೆ.

ಕ್ರಿಕೆಟ್ಟಿನ ಯುಟಿಲಿಟಿ ಪ್ಲೇಯರ್‌ಗೆ ಹೆಚ್ಚು ವಿವರಣೆ ಬೇಡ. ರೋಜರ್ ಬಿನ್ನಿಯನ್ನು ನೆನೆಸಿಕೊಂಡರೆ ಸಾಕು. 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಮೇಲೆ ಸಂಜಯ್ ದೇಸಾಯಿ ಜೊತೆ ಓಪನಿಂಗ್ ಇಳಿದು, ಇಬ್ಬರೂ ಔಟಾಗದೆ 451 ರನ್ ಸೇರಿಸಿದವರು. 1983ರ ವಿಶ್ವಕಪ್‌ನಲ್ಲಿ ಅವರೇ 18 ವಿಕೆಟ್ ತೆಗೆದು ಬೌಲರ್‌ಗಳ ಪಟ್ಟಿಯಲ್ಲಿ ಮೊದಲು ನಿಂತರು. ಯಾವ ಕೆಲಸ ಕೊಟ್ಟರೂ ಆಗುವವರು. ಕಂಪ್ಯೂಟರಿನ ಯುಟಿಲಿಟಿ ಸಾಫ್ಟ್‌ವೇರ್ ಕೂಡ ಸರಳ: ಡಿಸ್ಕ್ ಸ್ವಚ್ಛ ಮಾಡುವುದು, ಫೈಲು ಕುಗ್ಗಿಸುವುದು, ಇಂಥ ಚಿಕ್ಕ ಚಿಕ್ಕ ಕೈಕೆಲಸದ ಪ್ರೋಗ್ರಾಂಗಳು.

ನಾಲ್ಕನೇ ಹೆಜ್ಜೆ: ಸರ್ಕಾರಿ ಕಾಗದದಲ್ಲಿ ಸಿಕ್ಕರೆ ಪಟ್ಟಿ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ. ಕಾನೂನಿನಲ್ಲಿ ಪದದ ಅರ್ಥ ಡಿಕ್ಷನರಿ ಹೇಳಿದಂತೆ ಇರಬೇಕು ಅಂತೇನಿಲ್ಲ. ಆ ಕಾಯ್ದೆ ಏನು ಪಟ್ಟಿ ಕೊಟ್ಟಿದೆಯೋ ಅದೇ ಅರ್ಥ.

ಮೊದಲು ಬಿಲ್ಲಿನ ವಿಚಾರ. ಆರ್‌ಬಿಐನ ಕೆವೈಸಿ ನಿಯಮದಲ್ಲಿ ಯುಟಿಲಿಟಿ ಬಿಲ್ ಅಂದರೆ ಕರೆಂಟ್, ಲ್ಯಾಂಡ್‌ಲೈನ್ ಫೋನ್, ಪೋಸ್ಟ್‌ಪೇಯ್ಡ್ ಮೊಬೈಲ್, ಕೊಳವೆ ಗ್ಯಾಸ್ ಅಥವಾ ನೀರಿನ ಬಿಲ್. ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ನಿಮ್ಮ ಗುರುತಿನ ದಾಖಲೆಯಲ್ಲಿ ಈಗಿನ ವಿಳಾಸ ಇಲ್ಲದಿದ್ದಾಗ ತಾತ್ಕಾಲಿಕವಾಗಿ ಇದನ್ನು ಒಪ್ಪುತ್ತಾರೆ. ಮೂರು ತಿಂಗಳೊಳಗೆ ಹೊಸ ವಿಳಾಸದ ದಾಖಲೆ ಕೊಡಬೇಕು. ಬಾಡಿಗೆ ಮನೆಯಲ್ಲಿರುವವರಿಗೆ ಒಂದು ತೊಡಕು: ಕರೆಂಟ್ ಬಿಲ್ಲಿನ ಆರ್‌.ಆರ್‌. ನಂಬರ್, ಅಂದರೆ ಆ ಮನೆಯ ಕರೆಂಟ್ ಸಂಪರ್ಕದ ನಂಬರ್, ಸಾಮಾನ್ಯವಾಗಿ ಓನರ್ ಹೆಸರಿನಲ್ಲೇ ಇರುತ್ತದೆ. ಅಂಥವರು ತಮ್ಮ ಹೆಸರಿಗೇ ಬರುವ ಪೋಸ್ಟ್‌ಪೇಯ್ಡ್ ಬಿಲ್ ಇಟ್ಟುಕೊಂಡು ಹೋಗುವುದು ವಾಸಿ.

ಕರೆಂಟು, ನೀರಿಗೆ ಈ ಹೆಸರು ಯಾಕೆ? ಒಂದು ಬೀದಿಯಲ್ಲಿ ಐದು ಕಂಪನಿಗಳು ಐದು ಸಾಲು ಕಂಬ ನೆಡುವುದರಲ್ಲಿ ಅರ್ಥ ಇಲ್ಲ. ಒಬ್ಬರೇ ಒದಗಿಸಬೇಕು, ಎಲ್ಲರಿಗೂ ಒದಗಿಸಬೇಕು. ಒಬ್ಬರೇ ಆದಾಗ ಮನಸ್ಸಿಗೆ ಬಂದ ಬೆಲೆ ಇಡದಂತೆ ನೋಡಿಕೊಳ್ಳಲು ಸರ್ಕಾರ ಇರಬೇಕು. ಇಂಥ ಸೇವೆಗೆ ಇಂಗ್ಲಿಷಿನಲ್ಲಿ ಪಬ್ಲಿಕ್ ಯುಟಿಲಿಟಿ ಅಂದರು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಈಗ ಬೆಸ್ಕಾಂ, ಹೆಸ್ಕಾಂ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಹೋಗಬೇಕು. ಆ ದರದ ಬಗ್ಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗೂ ಇದೆ.

ಇನ್ನೊಂದು ಪಟ್ಟಿ ಇದೆ. ಇದನ್ನು ತುಂಬ ಜನ ಕೇಳಿಯೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ಒಂದು ಹೊಸ ಅಧ್ಯಾಯ ಸೇರಿತು. ಅಲ್ಲಿ 'ಸಾರ್ವಜನಿಕ ಉಪಯುಕ್ತ ಸೇವೆ' ಅಂದರೆ ಬಸ್ಸು, ವಿಮಾನದಂಥ ಸಾರಿಗೆ, ಅಂಚೆ, ಫೋನ್, ಕರೆಂಟ್, ನೀರು, ನೈರ್ಮಲ್ಯ. ಇವುಗಳ ಜೊತೆಗೆ ಆಸ್ಪತ್ರೆ ಮತ್ತು ವಿಮೆ ಕೂಡ. ಈ ಸೇವೆಗಳ ತಕರಾರು ಇನ್ನೂ ಕೋರ್ಟಿಗೆ ಹೋಗಿಲ್ಲದಿದ್ದರೆ ಖಾಯಂ ಲೋಕ ಅದಾಲತ್‌ಗೆ ಅರ್ಜಿ ಹಾಕಬಹುದು. ಕೋರ್ಟ್ ಫೀ ಇಲ್ಲ. ಒಂದು ಕೋಟಿ ರೂಪಾಯಿ ತನಕದ ವಿಷಯ ಅಲ್ಲಿ ನಡೆಯುತ್ತದೆ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ. ಆಗದಿದ್ದರೆ ಅವರೇ ತೀರ್ಪು ಕೊಡಬಹುದು. ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಅರ್ಜಿ ಹೇಗೆ, ಎಲ್ಲಿ ಅನ್ನುವುದನ್ನು ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ. ಅದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವುದು ರೂಢಿ.

ವಿಮೆಯೂ ಯುಟಿಲಿಟಿ ಅಂತ ಯಾವ ಡಿಕ್ಷನರಿಯಿಂದಲೂ ಊಹಿಸಲು ಆಗುವುದಿಲ್ಲ. ಪಟ್ಟಿ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಐದನೇ ಹೆಜ್ಜೆ: ಕನ್ನಡದಲ್ಲಿ ಯಾವ ಪದ ಇಡಬೇಕು?

ಎಲ್ಲ ಕಡೆ 'ಉಪಯುಕ್ತತೆ' ಅಂತ ತುಂಬಬೇಡಿ. ಅನುವಾದದಲ್ಲಿ ನಾನು ಜಾಸ್ತಿ ಕಾಣುವ ತಪ್ಪು ಇದು. ನಮ್ಮಲ್ಲಿ ಪದಗಳಿಗೆ ಬರ ಇಲ್ಲ, ಅವುಗಳ ನಡುವಿನ ವ್ಯತ್ಯಾಸಕ್ಕೆ ಕಿವಿ ಕೊಡಬೇಕು ಅಷ್ಟೇ.

"ಈ ಪುಸ್ತಕ ಉಪಯೋಗ ಆಯ್ತು" ಅಂತೀವಿ, ಬಳಸಿದ್ದರ ಮೇಲೆ ಗಮನ. "ಈಗ ಹೇಳಿ ಏನು ಪ್ರಯೋಜನ?" ಅಂತೀವಿ, ಸಿಕ್ಕ ಫಲದ ಮೇಲೆ ಗಮನ. ಎರಡಕ್ಕೂ ಬೇರು ಒಂದೇ, ಸಂಸ್ಕೃತದ 'ಯುಜ್', ಅಂದರೆ ಜೋಡಿಸು, ಹೂಡು. ಎತ್ತಿಗೆ ಹೂಡುವ ನೊಗವನ್ನು ಇಂಗ್ಲಿಷಿನಲ್ಲಿ ಯೋಕ್ ಅಂತಾರಲ್ಲ, ಅದೂ ಈ ಬೇರಿನ ದೂರದ ನೆಂಟ. ಅಚ್ಚಗನ್ನಡದ 'ಬಳಸು' ಇನ್ನೂ ಅಗಲವಾದದ್ದು. ಉಪಯೋಗಿಸು ಅಂತಲೂ ಹೌದು, ಸುತ್ತುಬಳಸು ಅನ್ನುವಾಗ ಸುತ್ತುವುದೂ ಹೌದು. ಕರಾವಳಿ ಕಡೆ ಊಟ ಬಡಿಸುವುದಕ್ಕೂ ಇದೇ ಪದ. ಇನ್ನು ಹಗ್ಗದ ತುಂಡು, ಸ್ವೀಟ್ ಬಾಕ್ಸ್, ಹಳೆಯ ಡಬ್ಬಿ ಎತ್ತಿಡುವಾಗ ಅಮ್ಮಂದಿರು ಹೇಳುವ ಮಾತು ಬೇರೆಯೇ: "ಇರಲಿ ಬಿಡು, ಯಾವತ್ತಾದರೂ ಕೆಲಸಕ್ಕೆ ಬರುತ್ತೆ."

ನಾನು ಮಾಡುವುದು ಹೀಗೆ. ಅರ್ಥಶಾಸ್ತ್ರವಾದರೆ ತುಷ್ಟಿಗುಣ. ಬೆಂಥಮ್, ಮಿಲ್ ಬಗ್ಗೆ ಬರೆದರೆ ಉಪಯುಕ್ತತಾವಾದ, ಜೊತೆಗೆ ಸುಖದ ಮಾತನ್ನು ಅದೇ ವಾಕ್ಯದಲ್ಲಿ ಬಿಡಿಸಿ ಹೇಳುತ್ತೇನೆ. ಕಾನೂನಾದರೆ ಸಾರ್ವಜನಿಕ ಉಪಯುಕ್ತ ಸೇವೆ. ಆಟಗಾರನಾದರೆ ಎಲ್ಲದಕ್ಕೂ ಆಗುವವನು. ಮನೆಯ ಯುಟಿಲಿಟಿಯನ್ನು ಯುಟಿಲಿಟಿ ಅಂತಲೇ ಬಿಡುತ್ತೇನೆ. ಹಿತ್ತಲು ಅನ್ನಲು ಅಲ್ಲಿ ಮಣ್ಣಿಲ್ಲ, ಬಚ್ಚಲು ಅನ್ನಲು ಹಂಡೆ ಇಲ್ಲ. ಜನ ಆ ಪದವನ್ನು ತಮ್ಮದು ಮಾಡಿಕೊಂಡಾಗಿದೆ. ಬಿಲ್ ಆದರೆ ಮಾತ್ರ ಅನುವಾದವನ್ನೇ ಬಿಟ್ಟು, ಬಿಲ್ಲುಗಳ ಹೆಸರನ್ನೇ ಬರೆಯುತ್ತೇನೆ.

ಕೊನೆಯ ಹೆಜ್ಜೆ: ಬೇಕಾದವರಿಗೆ ಓದಿ ತೋರಿಸಿ

ಬರೆದದ್ದನ್ನು ಇಂಗ್ಲಿಷ್ ಗೊತ್ತಿರುವ ಗೆಳೆಯರಿಗೆ ತೋರಿಸಿದರೆ ಸಾಲದು. ಅವರು ತಲೆಯೊಳಗೇ ಇಂಗ್ಲಿಷಿಗೆ ತಿರುಗಿಸಿಕೊಂಡು ಸರಿ ಅಂದುಬಿಡುತ್ತಾರೆ. ಆ ಕಾಗದ ಯಾರ ಕೈಗೆ ಹೋಗುತ್ತದೋ ಅವರಿಗೇ ಓದಿ. ಓದಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಈಗ ಏನು ತರ್ತೀರಿ?" ಅಂತ ಕೇಳಿ.

ಅವತ್ತು ಸಂಜೆ ನಾನು ಒಂದು ಚೀಟಿಯಲ್ಲಿ ಬರೆದೆ: "ನಿಮ್ಮ ಹೆಸರಿನಲ್ಲಿರುವ ಕರೆಂಟ್, ನೀರು, ಕೊಳವೆ ಗ್ಯಾಸ್ ಅಥವಾ ಫೋನ್ ಬಿಲ್. ಎರಡು ತಿಂಗಳೊಳಗಿನದು." ಆಂಟಿಗೆ ಕೊಟ್ಟು ಏನು ತರ್ತೀರಿ ಅಂದೆ. ಕನ್ನಡಕ ಹಾಕಿಕೊಂಡು ಓದಿದರು. ಒಳಗೆ ಹೋಗಿ, ಅಡುಗೆಮನೆ ಬಾಗಿಲ ಹಿಂದಿನ ತಂತಿಗೆ ಚುಚ್ಚಿಟ್ಟಿದ್ದ ಕಾಗದಗಳಲ್ಲಿ ಮೇಲಿನದನ್ನು ಬಿಡಿಸಿಕೊಂಡು ಬಂದರು. ಹೋದ ತಿಂಗಳ ಕರೆಂಟ್ ಬಿಲ್ಲು.